ನನ್ನ ಮೈಕ್ ಕೂಗಿದ್ದು ಒಂದೇ ಸಲ

ಪೋಲೆಂಡ್ ದೇಶದ ಒಬ್ಬ ಮನುಷ್ಯನಿಗೆ ನಾನು ಮೊಟ್ಟಮೊದಲು ತೋರಿಸಿದ್ದು ಒಂದು ನಿಂಬೆಹಣ್ಣು. ಎರಡನೆಯದು ರಾಗಿಮುದ್ದೆ.

ಹನ್ನೊಂದು ವರ್ಷದ ಸ್ನೇಹ ಶುರುವಾಗಿದ್ದು ಹೀಗೆ.

ನಿಂಬೆಹಣ್ಣು ಅಂದ ತಕ್ಷಣ ಮಾಟ ಮಂತ್ರ ಅಂದುಕೊಳ್ಳಬೇಡಿ. ಅದು ನನ್ನ ಡ್ಯೂಟಿ.

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನನ್ನ ಕೆಲಸ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ಮಹದೇವಪುರದಲ್ಲಿ, ರಿಂಗ್ ರೋಡಿನ ಪಕ್ಕ, ದೇಶದೇಶಗಳಲ್ಲಿ ಆಫೀಸಿರುವ ಒಂದು ದೊಡ್ಡ ಕಂಪನಿ. ಅಲ್ಲಿಯ ಮೀಟಿಂಗ್ ರೂಮುಗಳ ಮೈಕು, ಕ್ಯಾಮೆರಾ, ಸ್ಕ್ರೀನು ನೋಡಿಕೊಳ್ಳುತ್ತಿದ್ದವನು ನಾನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಶಿವಾಜಿನಗರದ ಮೈಕ್ ಸೆಟ್ ಅಂಗಡಿಯಲ್ಲಿ ಕೆಲಸ ಕಲಿತವನು. ಮದುವೆ, ಉರುಸು, ಚರ್ಚಿನ ಹಬ್ಬ, ಅಮ್ಮನವರ ಉತ್ಸವ, ಎಲ್ಲ ದೇವರಿಗೂ ಮೈಕ್ ಕಟ್ಟಿದ್ದೇನೆ. ಯಾವ ದೇವರ ಮುಂದೆಯೂ ನನ್ನ ಮೈಕ್ ಕೂಗಿಲ್ಲ.

ಮೈಕ್ ಕೂಗುವುದು ಅಂದರೆ ಗೊತ್ತಲ್ಲ? ಮೈಕು ಸ್ಪೀಕರಿನ ಹತ್ತಿರ ಬಂದರೆ 'ಕುಯ್ಯ್' ಅಂತ ಕಿವಿ ಸೀಳುವ ಶಬ್ದ ಬರುತ್ತದಲ್ಲ, ಅದು. ಅದು ಬಂದ ಕೂಡಲೇ ಭಾಷಣ ಮಾಡುವವರು ಮೈಕನ್ನು ನೋಡುತ್ತಾರೆ, ಜನ ಮೈಕಿನವನನ್ನು ನೋಡುತ್ತಾರೆ. ಆ ನೋಟ ನನ್ನ ಮೇಲೆ ಬೀಳಬಾರದು ಅಂತಲೇ ಇಷ್ಟು ವರ್ಷ ದುಡಿದೆ. ಹೋದ ವಾರದವರೆಗೂ ಬಿದ್ದಿರಲಿಲ್ಲ. (ಇದನ್ನು ಜಂಬ ಅನ್ನುವವರು ಅನ್ನಲಿ. ಜಂಬವೇ.)

ಈಗ ನಿಂಬೆಹಣ್ಣಿಗೆ ಬರೋಣ.

ಕಂಪನಿಯ ದೊಡ್ಡವರು ಸ್ಕ್ರೀನಿನಲ್ಲಿ ಸೇರುವ ಮೊದಲು ಹತ್ತು ನಿಮಿಷ ಟೆಸ್ಟಿಂಗ್ ಇರುತ್ತದೆ. ನಾಲ್ಕು ದೇಶ, ನಾಲ್ಕು ರೂಮು, ನಾವು ನಾಲ್ಕು ಜನ. ಪೋಲೆಂಡಿನಲ್ಲಿ ಮಾರೆಕ್, ಬ್ರೆಜಿಲ್‌ನಲ್ಲಿ ಲೂಸಿಯಾ, ಮನಿಲಾದಲ್ಲಿ ಬೆನ್ನಿ, ಇಲ್ಲಿ ನಾನು. ನಾಲ್ಕು ಜನರ ಇಂಗ್ಲಿಷ್ ಕೂಡಿಸಿದರೂ ಒಂದು ಪೂರ್ತಿ ಇಂಗ್ಲಿಷ್ ಆಗುವುದಿಲ್ಲ. ಆದರೆ ಸಾಲುತ್ತಿತ್ತು.

ಒಂದು ದಿನ ಮಾರೆಕ್ ಕೇಳಿದ, "ರಾಜು, ಬೆಂಗಳೂರಿನಲ್ಲಿ ಎಲ್ಲರಿಗೂ ಕಾಮಾಲೆಯಾ?"

ನಮ್ಮ ಕ್ಯಾಮೆರಾದ ಬಣ್ಣ ಕೆಟ್ಟಿತ್ತು. ನನ್ನ ಊಟದ ಡಬ್ಬಿಯಲ್ಲಿ ಒಂದು ನಿಂಬೆಹಣ್ಣಿತ್ತು. ಎತ್ತಿ ಹಿಡಿದೆ.

"ಇದು ಯಾವ ಬಣ್ಣ?"

"ಆರೆಂಜ್."

ಬಣ್ಣ ತಿದ್ದಿದೆ. "ಈಗ?"

"ಈಗ ನಿಂಬೆಹಣ್ಣು" ಅಂದ. ಮುಗಿಯಿತು.

ಮಾರನೇ ವಾರ ಲೂಸಿಯಾ ತಾನೇ ಒಂದು ಪರಂಗಿಹಣ್ಣಿನ ಹೋಳು ಎತ್ತಿ ಹಿಡಿದಳು. ಅವಳಿಗೆ ಆಗ ಬೆಳಗಿನ ತಿಂಡಿ ಹೊತ್ತು, ನನಗೆ ಸಂಜೆ. ಅಲ್ಲಿಂದ ಅದೇ ಪದ್ಧತಿಯಾಯಿತು. ಕ್ಯಾಮೆರಾ ಪರೀಕ್ಷೆಗೆ ಅವರವರ ಡಬ್ಬಿ. ಮಾರೆಕ್‌ನದು ಕೆಂಪಗಿನ ಬೀಟ್‌ರೂಟ್ ಸೂಪು. ಬೆನ್ನಿಯದು ಅನ್ನ, ಒಣಮೀನು. ನನ್ನದು ಸರೋಜ ಕಟ್ಟಿಕೊಟ್ಟಿದ್ದು. (ಸರೋಜ ನನ್ನ ಹೆಂಡತಿ. ಹಳೆಯ ಓದುಗರಿಗೆ ಇವಳ ಪರಿಚಯ ಬೇಕಾಗಿಲ್ಲ.)

ಮುದ್ದೆ ಮಾತ್ರ ಕಷ್ಟ ಕೊಟ್ಟಿತು. ನುಣ್ಣಗಿನ ಮುದ್ದೆಯ ಮೇಲೆ ಯಾವ ಕ್ಯಾಮೆರಾದ ಫೋಕಸ್ಸೂ ನಿಲ್ಲುವುದಿಲ್ಲ. ಹಿಂದೆ ಮುಂದೆ ಓಡಾಡುತ್ತದೆ. ಮಾರೆಕ್ ಬಹಳ ಹೊತ್ತು ನೋಡಿ, "ಅದು ಆಟ ಆಡೋದಾ?" ಅಂದ. "ತಿನ್ನೋದು" ಅಂದೆ. ಮುಂದಿನ ಸಲದಿಂದ ಮುದ್ದೆಯ ಮೇಲೆ ಒಂದು ಕರಿಬೇವಿನ ಎಲೆ ಅಂಟಿಸಿಕೊಂಡು ಹೋದೆ. ಫೋಕಸ್ ನಿಂತಿತು.

ಇದರಿಂದ ಮನೆಯಲ್ಲಿ ಅಡುಗೆಯ ಲೆಕ್ಕಾಚಾರವೇ ಬದಲಾಯಿತು.

"ನಾಳೆ ಟೆಸ್ಟಿಂಗ್ ಇದೆಯೇನ್ರೀ?"

"ಇದೆ."

"ಹಂಗಾದ್ರೆ ಹೀರೇಕಾಯಿ ಬೇಡ, ಕಲರ್ ಬರಲ್ಲ. ಕ್ಯಾರೆಟ್ ಪಲ್ಯ ಮಾಡ್ತೀನಿ. ಆ ಪೋಲೆಂಡ್ ಮನುಷ್ಯ ಸೂಪಿಗೆ ಒಗ್ಗರಣೆ ಹಾಕ್ತಾನಾ, ಕೇಳಿದ್ರಾ?"

"ಹಾಕಲ್ವಂತೆ."

"ಪಾಪ" ಅಂದಳು. ಒಬ್ಬ ಮನುಷ್ಯನ ಬಗ್ಗೆ ಸರೋಜ ಅಷ್ಟು ಮರುಕಪಟ್ಟಿದ್ದನ್ನು ನಾನು ನೋಡಿಲ್ಲ.

ಇನ್ನೊಂದು ಮಾತನ್ನೂ ಅವಳು ಆಗಾಗ ಅನ್ನುತ್ತಿದ್ದಳು. "ಬೆನ್ನಿ ಹೊಗಳ್ದ, ಲೂಸಿಯಾ ಹೊಗಳಿದ್ಲು ಅಂತ ಬಂದ್ ಹೇಳ್ತೀರಿ. ತಿಂದೋರು ನೀವು. ನೀವೇನಂದ್ರಿ ಅಂತ ಒಂದಿನಾನೂ ಹೇಳಲ್ಲ." ನಾನು ಪೇಪರ್ ಓದುತ್ತಿರುತ್ತಿದ್ದೆ.

ಮಾರೆಕ್‌ನ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ಬೆನ್ನಿಯ ಕಾಲುಗಳನ್ನು ನೋಡಿಲ್ಲ. ಆದರೆ ಅವರ ಮನೆಯಲ್ಲಿ ಯಾವಾಗ ಅಡುಗೆ ಆಗಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು. ಡಬ್ಬಿಗಿಂತ ದೊಡ್ಡ ಬಯೋಡೇಟಾ ಇದೆಯಾ? ಲೂಸಿಯಾ ಗಂಡನನ್ನು ಬಿಟ್ಟ ವರ್ಷ ಎರಡು ತಿಂಗಳು ಬಿಸ್ಕತ್ತಿನ ಪೊಟ್ಟಣವನ್ನೇ ತೋರಿಸಿದಳು. ಯಾರೂ ಏನೂ ಕೇಳಲಿಲ್ಲ. ಆಮೇಲೆ ಒಂದು ದಿನ ಪರಂಗಿಹಣ್ಣು ವಾಪಸ್ ಬಂತು. ಬೆನ್ನಿ ಚಪ್ಪಾಳೆ ಹೊಡೆದ.

ಮಾರೆಕ್ ಒಂದು ದಿನ ಸೂಪು ಎತ್ತಿ ಹಿಡಿದು, "ಇದು ನಾನು ಮಾಡಿದ್ದು. ಅಮ್ಮ ಹೋದ ವಾರ ತೀರಿಕೊಂಡಳು. ಬಣ್ಣ ಸರಿ ಇದೆಯಾ?" ಅಂದ.

ಸರಿ ಇದೆ ಅಂದೆವು, ಮೂವರೂ. ಸರಿ ಇರಲಿಲ್ಲ. ಮೀಟಿಂಗಿಗೆ ಎರಡು ನಿಮಿಷ ಇತ್ತು.

ನಮ್ಮ ಕೆಲಸದ ರೀತಿಯೇ ಹಾಗೆ. ಹತ್ತು ನಿಮಿಷ ಆದ ಮೇಲೆ ನಾವು ಎದ್ದು ಹೊರಗೆ ಹೋಗಬೇಕು, ದೊಡ್ಡವರು ಬಂದು ಕೂರುತ್ತಾರೆ. ನಾವು ಬಾಗಿಲಾಚೆ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತೇವೆ. ಏನಾದರೂ ಕೆಟ್ಟರೆ ಒಳಗೆ ಓಡುವುದು, ಇಲ್ಲದಿದ್ದರೆ ಮುಂದಿನ ರೂಮಿಗೆ. ಲೈನ್ ಕಟ್ ಮಾಡುವುದು ನಮ್ಮ ಕೆಲಸವಲ್ಲ. ಬೈ ಹೇಳುವವರು ದೊಡ್ಡವರು. ಹನ್ನೊಂದು ವರ್ಷದಲ್ಲಿ ನಾವು ನಾಲ್ವರು ಒಬ್ಬರಿಗೊಬ್ಬರು ಒಂದು ಸಲವೂ ಬೈ ಹೇಳಿರಲಿಲ್ಲ.

ಈ ವರ್ಷ ಕಂಪನಿಯವರು ಹೊಸ ಕ್ಯಾಮೆರಾ ತಂದರು. ತಾನೇ ಬಣ್ಣ ತಿದ್ದಿಕೊಳ್ಳುತ್ತದೆ, ತಾನೇ ಫೋಕಸ್ ಮಾಡಿಕೊಳ್ಳುತ್ತದೆ. (ಮುದ್ದೆ ಹಿಡಿದು ನೋಡಿದೆ. ನಿಂತುಬಿಟ್ಟಿತು. ಕರಿಬೇವು ಬೇಕಾಗಲಿಲ್ಲ.) ಮೊದಲು ಬೆಂಗಳೂರಿಗೆ, ಆಮೇಲೆ ಉಳಿದ ದೇಶಗಳಿಗೆ. ನನ್ನನ್ನು ಕರೆದು, "ರಾಜು ಅವ್ರೇ, ನಿಮಗೆ ರಿಸೆಪ್ಷನ್ನಲ್ಲಿ ಜಾಗ ಮಾಡ್ಕೊಡ್ತೀವಿ, ಬಂದೋರಿಗೆ ಪಾಸ್ ಕೊಡೋ ಕೆಲಸ" ಅಂದರು. ಬೇಡ ಅಂದೆ. ಲಿಂಗರಾಜಪುರದಲ್ಲಿ ಒಂದು ಮಳಿಗೆ ಸಿಕ್ಕಿತು. ನನ್ನದೇ ಮೈಕ್ ಸೆಟ್ ಅಂಗಡಿ ಹಾಕುತ್ತಿದ್ದೇನೆ. ನನ್ನ ಕೆಲಸ ಹೋಗಲಿಲ್ಲ, ನಾನು ಬಿಟ್ಟೆ. ಎರಡಕ್ಕೂ ವ್ಯತ್ಯಾಸವಿದೆ.

ಕೊನೆಯ ದಿನ ಹೋದ ಶುಕ್ರವಾರ. ಆವತ್ತು ಸಂಜೆ ಒಂದು ದೊಡ್ಡ ಮೀಟಿಂಗ್ ಇತ್ತು. ಕೊನೆಯ ಟೆಸ್ಟಿಂಗಿನಲ್ಲೇ ಆ ಮೂವರಿಗೆ ಹೇಳೋಣ ಅಂತ ವಾರದಿಂದ ಸುಮ್ಮನಿದ್ದೆ.

ಮಧ್ಯಾಹ್ನ ಆಫೀಸಿನವರು ಕೇಕ್ ಕತ್ತರಿಸಿದರು. ಕೈಗೆ ಮೈಕ್ ಕೊಟ್ಟು ಮಾತಾಡಿ ಅಂದರು. ನನಗೆ ಬರುವುದು ಒಂದೇ ಭಾಷಣ. "ಚೆಕ್, ಚೆಕ್" ಅಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ತಮಾಷೆ ಅಂದುಕೊಂಡರು.

ಕೇಕ್ ಮುಗಿಯುವ ಹೊತ್ತಿಗೆ ಸಂಜೆಯ ಮೀಟಿಂಗ್ ಕ್ಯಾನ್ಸಲ್ ಆಯಿತು. ಯಾರೋ ದೊಡ್ಡವರಿಗೆ ವಿಮಾನ ತಪ್ಪಿತ್ತಂತೆ.

ಮೀಟಿಂಗ್ ಇಲ್ಲ ಅಂದರೆ ಟೆಸ್ಟಿಂಗ್ ಇಲ್ಲ. ಟೆಸ್ಟಿಂಗ್ ಇಲ್ಲ ಅಂದರೆ ಮಾರೆಕ್ ಇಲ್ಲ, ಲೂಸಿಯಾ ಇಲ್ಲ, ಬೆನ್ನಿ ಇಲ್ಲ. ಅವರ ಫೋನ್ ನಂಬರ್ ನನ್ನ ಹತ್ತಿರ ಇಲ್ಲ. ಆರು ಗಂಟೆಗೆ ಬಾಗಿಲು ತೆರೆಯುವ ನನ್ನ ಕಾರ್ಡ್ ಸಾಯುತ್ತದೆ. ಅಷ್ಟು ವರ್ಷದ ಪರಿಚಯ, ಯಾರದೋ ವಿಮಾನದ ಜೊತೆ ಹಾರಿಹೋಗಬೇಕಾ?

ರೂಮ್ ಬುಕಿಂಗ್ ನೋಡಿಕೊಳ್ಳುವ ಶಾಲಿನಿ ಮೇಡಂ ಹತ್ತಿರ ಹೋದೆ. ನಾನು ಯಾವತ್ತೂ ನನಗಾಗಿ ರೂಮ್ ಕೇಳಿದವನಲ್ಲ.

"ಮೇಡಂ, ಸಂಜೆ ದೊಡ್ಡ ರೂಮು ಅರ್ಧ ಗಂಟೆ ಬೇಕಿತ್ತು. ನಾಲ್ಕೂ ಕಡೆ."

"ಯಾರ್ ಮೀಟಿಂಗ್ ರಾಜು ಅವ್ರೇ?"

"ನಂದೇ."

ಅವರು ತಲೆ ಎತ್ತಿ ನೋಡಿದರು. "ಪರ್ಪಸ್ ಏನಂತ ಹಾಕ್ಲಿ?"

"ಟೆಸ್ಟಿಂಗ್ ಅಂತ ಹಾಕಿ."

"ಟೆಸ್ಟಿಂಗ್ ಆದ್ಮೇಲೆ?"

"ಅಷ್ಟೇ ಮೇಡಂ."

ಬುಕ್ ಮಾಡಿದರು. ಇನ್ನೇನೂ ಕೇಳಲಿಲ್ಲ. ಒಳ್ಳೆಯ ಹೆಣ್ಣುಮಗಳು.

ಇಲ್ಲಿ ಬುಕ್ ಆದರೆ ಅಲ್ಲೂ ಬುಕ್ ಆಗುತ್ತದೆ. ಸರಿಯಾದ ಹೊತ್ತಿಗೆ ಮೂವರೂ ಸ್ಕ್ರೀನಿನಲ್ಲಿ ಬಂದರು. ಎಂದಿನ ಹಾಗೆ ಯಾರೋ ದೊಡ್ಡವರ ಮೀಟಿಂಗ್ ಇದೆ ಅಂದುಕೊಂಡೇ ಬಂದಿದ್ದರು. ಮೊದಲು ಕೆಲಸ ಮುಗಿಯಲಿ, ಆಮೇಲೆ ಹೇಳೋಣ ಅಂದುಕೊಂಡೆ.

"ರಾಜು, ಕೇಳಿಸ್ತಿದೆಯಾ?" ಅಂದ ಮಾರೆಕ್.

"ಚೆನ್ನಾಗಿ. ನಂದು?"

"ಚೆನ್ನಾಗಿ."

ಲೂಸಿಯಾ ಪರಂಗಿ, ಮಾರೆಕ್ ಸೂಪು, ಬೆನ್ನಿ ಮೀನು. ಸರೋಜ ಕೊನೆಯ ದಿನ ಅಂತ ಹೋಳಿಗೆ ಕೊಟ್ಟು ಕಳಿಸಿದ್ದಳು. ಎತ್ತಿ ಹಿಡಿದೆ. "ಹಬ್ಬವಾ?" ಅಂದ ಬೆನ್ನಿ. "ಹಾಗೇನಿಲ್ಲ" ಅಂದೆ. ಬಣ್ಣ ನೋಡಿದೆವು, ಸೌಂಡ್ ನೋಡಿದೆವು. ಹತ್ತು ನಿಮಿಷ ಆಯಿತು.

"ಆಲ್ ಗುಡ್" ಅಂದಳು ಲೂಸಿಯಾ. ಮೂವರೂ ಎದ್ದರು. ನಾನೂ ಎದ್ದೆ. ಹೊರಗೆ ಬಂದು ಬಾಗಿಲು ಎಳೆದುಕೊಂಡು ಪಕ್ಕದಲ್ಲಿ ನಿಂತೆ.

ಯಾರೂ ಬರಲಿಲ್ಲ.

ಬರುವವರು ಯಾರಿದ್ದರು ಹೇಳಿ? ಮೀಟಿಂಗ್ ನನ್ನದು. ನಾನೇ ಹೊರಗೆ ನಿಂತಿದ್ದೆ.

ಒಳಗೆ ಓಡಿದೆ. ಸ್ಕ್ರೀನಿನಲ್ಲಿ ಮೂರು ದೇಶದ ಖಾಲಿ ಕುರ್ಚಿಗಳು. ಚಿತ್ರ ಬಹಳ ಸ್ಪಷ್ಟವಾಗಿತ್ತು. "ಹಲೋ, ಮಾರೆಕ್?" ಅಂದೆ. "ಬೆನ್ನಿ?" ಮೂವರೂ ಅವರವರ ಬಾಗಿಲಾಚೆ ಕಿವಿಗೊಟ್ಟು ನಿಂತಿದ್ದಾರೆ ಅಂತ ನನಗೆ ಗೊತ್ತು. ಒಳಗೆ ಯಾರೋ ಮಾತಾಡುವುದು ಕೇಳಿಸಿದರೆ ಅವರೇನು ಮಾಡುತ್ತಾರೆ? ಸರಿ, ಮೀಟಿಂಗ್ ಶುರುವಾಯಿತು ಅಂತ ಹೊರಟುಹೋಗುತ್ತಾರೆ. ನಾನು ಮಾತಾಡಿದಷ್ಟೂ ಅವರು ದೂರ.

ನಮ್ಮಂಥವರನ್ನು ಒಳಗೆ ಕರೆಯುವ ಶಬ್ದ ಪ್ರಪಂಚದಲ್ಲಿ ಒಂದೇ.

ಆ ದೊಡ್ಡ ರೂಮಿನಲ್ಲಿ ಸಭಿಕರು ಪ್ರಶ್ನೆ ಕೇಳಲಿ ಅಂತ ಒಂದು ಕೈಮೈಕ್ ಇಟ್ಟಿದ್ದಾರೆ, ಅದರ ಸೌಂಡು ರೂಮಿನ ಸ್ಪೀಕರಿನಲ್ಲೇ ಬರುತ್ತದೆ. ಅದನ್ನು ಕೈಗೆ ತೆಗೆದುಕೊಂಡೆ. ಸ್ಪೀಕರಿನ ಮುಂದೆ ಹೋಗಿ ನಿಂತೆ. ಉರುಸಿನಲ್ಲಿ ಕೂಗಿಲ್ಲ, ಹಬ್ಬದಲ್ಲಿ ಕೂಗಿಲ್ಲ. ಇಪ್ಪತ್ತೊಂದು ಜನ ಒಬ್ಬರಾದ ಮೇಲೆ ಒಬ್ಬರು ಮಂತ್ರಿಗಳ ಹಾಗೆ ಭಾಷಣ ಮಾಡುವ ನಮ್ಮ ಓಣಿಯ ಗಣೇಶೋತ್ಸವದಲ್ಲೂ ಕೂಗಿಲ್ಲ.

ಹಿಡಿದೆ.

ಕುಯ್ಯ್ಯ್!

ಆ ಮಹಡಿಯ ಗಾಜೆಲ್ಲ ನಡುಗಿತು. ಮೊದಲು ಬೆನ್ನಿ ನುಗ್ಗಿದ, ಬಾಯಲ್ಲಿ ಅನ್ನ. ಹಿಂದೆಯೇ ಮಾರೆಕ್. ಲೂಸಿಯಾ ಕಿವಿ ಮುಚ್ಚಿಕೊಂಡು, "ರಾಜು! ನಿನ್ನ ಮೈಕು! ರಾಜು!" ಅಂತ ಕೂಗಿಕೊಂಡು ಬಂದಳು. ಇತ್ತ ಬಾಗಿಲಲ್ಲಿ ಶಾಲಿನಿ ಮೇಡಂ, ಅವರ ಹಿಂದೆ ಅರ್ಧ ಫ್ಲೋರು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ಜೀವಮಾನವೆಲ್ಲ ತಪ್ಪಿಸಿಕೊಂಡ ಅದೇ ನೋಟ.

ಮೈಕ್ ಕೆಳಗಿಟ್ಟೆ.

"ಮೈಕ್ ಸರಿಯಾಗಿದೆ" ಅಂದೆ. "ನಾನು ಇವತ್ತು ಕೆಲಸ ಬಿಡ್ತಿದ್ದೀನಿ. ಅದನ್ನ ಹೇಳಬೇಕಿತ್ತು."

ನಮಗೆ ಹತ್ತು ನಿಮಿಷದ ಮಾತು ಮಾತ್ರ ಅಭ್ಯಾಸ. ಅದು ಆಗಿಹೋಗಿತ್ತು.

ಮಾರೆಕ್ ಕನ್ನಡಕ ತೆಗೆದು ಒರೆಸಿದ. "ಇನ್ನು ನಮ್ಮ ಸೂಪಿನ ಬಣ್ಣ ಯಾರು ನೋಡ್ತಾರೆ?" ಅಂದ.

"ಹೊಸ ಕ್ಯಾಮೆರಾ ನೋಡುತ್ತೆ."

"ಅದು ಸುಳ್ಳು ಹೇಳಲ್ಲ" ಅಂದ ಮಾರೆಕ್. ಅವನಿಗೂ ಗೊತ್ತಿತ್ತು ಹಾಗಾದರೆ, ಆವತ್ತಿನ ಸೂಪಿನ ವಿಷಯ.

ಲೂಸಿಯಾ ಮೂಗು ಒರೆಸಿಕೊಂಡಳು. ಬೆನ್ನಿ ಕೈ ಎತ್ತಿ ಜೋರಾಗಿ ಬೀಸತೊಡಗಿದ. ಕೈ ಫ್ರೇಮಿನಾಚೆ ಹೋಗುತ್ತಿತ್ತು.

"ಬೆನ್ನಿ, ಸ್ವಲ್ಪ ಎಡಕ್ಕೆ" ಅಂದೆ.

ಎಡಕ್ಕೆ ಸರಿದು ಬೀಸಿದ. ಈಗ ಸರಿಯಾಗಿತ್ತು.

ಮನೆಗೆ ಬಂದು ಎಲ್ಲವನ್ನೂ ಸರೋಜಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೇಳಿ ಮುಗಿಸಿದ ಮೇಲೆ ಕೈ ನಿಲ್ಲಿಸಿದಳು.

"ಅಂದ್ರೆ ಇಷ್ಟು ವರ್ಷ ನೆಟ್ಟಗೆ ಮಾಡ್ದಾಗ ಒಬ್ರೂ ನಿಮ್ಮನ್ನ ನೋಡೋಕ್ ಓಡಿ ಬಂದಿಲ್ಲ. ಕೆಡಿಸ್ದಾಗ ಬಂದ್ರು."

"ಹೌದು."

"ಹೂಂ" ಅಂದಳು. ಮತ್ತೆ ಸೊಪ್ಪು ಬಿಡಿಸತೊಡಗಿದಳು. ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ನಿನ್ನೆ ಮಧ್ಯಾಹ್ನ ಅಂಗಡಿಯಿಂದ ಬಂದು ಊಟಕ್ಕೆ ಕೂತೆ. ಮುದ್ದೆ, ಸೊಪ್ಪಿನ ಸಾರು. ಒಂದು ತುತ್ತು ಇಟ್ಟೆ. ಸಾರಿನಲ್ಲಿ ಒಂದು ಹರಳು ಉಪ್ಪಿರಲಿಲ್ಲ. ತಟ್ಟೆ ಬಿಟ್ಟು ಅಡುಗೆಮನೆಗೆ ಓಡಿದೆ.

ಸರೋಜ ಬಾಗಿಲ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದಳು.

"ಬಂದ್ರಾ?" ಅಂದಳು.