ಹಿರಿಯರ ಗುಂಪಿಗೆ ಸೇರಿದ ಪದ್ಮವ್ವ

೨೦೦೮ನೇ ಇಸವಿ ಜೂನ್ ೯, ಸೋಮವಾರ. ಮೂಡಲಗಿಯ ಬೀಜ ಮಾರಾಟ ಸಹಕಾರಿ ಸಂಘವೊಂದರ ಗೋದಾಮು ನೋಡಿಕೊಳ್ಳುವ ಪದ್ಮವ್ವನವರಿಂದ ಬೀಜ ಕೊಡುವ ಅಧಿಕಾರವನ್ನು ಅಂದು ಕಿತ್ತುಕೊಳ್ಳಲಾಯಿತು. ಕಿತ್ತುಕೊಂಡವರು ಅದನ್ನು ಸನ್ಮಾನವೆಂದು ಕರೆದರು.

ಯಾವ ಬೀಜವೇ ಬರಲಿ, ಒಂದು ಹಿಡಿಯನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಮೊಳಕೆ ನೋಡದೆ ಪದ್ಮವ್ವನವರು ಒಂದು ಚೀಲವನ್ನೂ ಹೊರಗೆ ಬಿಟ್ಟವರಲ್ಲ. ಮೊಳೆತವು ಬಾಗಿಲ ಎಡಕ್ಕೆ. ಮೊಳೆಯದವು ಕಂಪನಿಗೆ ವಾಪಸು ಹೋಗಲು ಬಲಕ್ಕೆ. ಇದು ರೈತರಿಗೆ ಗೊತ್ತಿತ್ತು, ಕಂಪ್ಯೂಟರಿಗೆ ಗೊತ್ತಿರಲಿಲ್ಲ.

ಈ ವರ್ಷ ಸಂಘದ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಶಾಖೆಗಳಿಗೆ ಲಿನಕ್ಸ್ ಕಂಪ್ಯೂಟರುಗಳು ಬಂದವು. ನೌಕರನಿಗೊಂದು ಖಾತೆ, ಖಾತೆಗೊಂದು ಗುಂಪು. ಗುಂಪಿಗೆ ಒಪ್ಪಿಸಿದ ಕೆಲಸವಷ್ಟೇ ಕೈಗೆ. ಹುಕ್ಕೇರಿಯ ವೃಷಭನೆಂಬ ತರುಣ ಇದಕ್ಕಾಗಿ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆಗಳ ಪಟ್ಟಿ, ಬರೆದ. ಹೆಸರು ಕೊಟ್ಟರೆ ಸಾಕು, ಖಾತೆ ತೆರೆದು ಗುಂಪಿಗೆ ಸೇರಿಸುವುದನ್ನು ಅದೇ ಮಾಡುತ್ತಿತ್ತು. ಕೆಲಸ ಚೊಕ್ಕವಾಗಿತ್ತು, ಒಪ್ಪಬೇಕು.

ಕೆಡಿಸಿದ್ದು ಸೆಕ್ರೆಟರಿ ತವನಪ್ಪನವರ ಮರ್ಯಾದೆ. ಹಳಬರನ್ನು ಗಾದಿಯ ಮೇಲೆ ಕೂರಿಸುವುದು ಸಂಘದ ರೂಢಿ. ಕಂಪ್ಯೂಟರಿನಲ್ಲಿಯೂ ಅವರಿಗೊಂದು ಗಾದಿ ಇರಬೇಕೆಂದು ತವನಪ್ಪ ಹಟ ಹಿಡಿದರು. 'ಹಿರಿಯರು' ಎಂಬ ಗುಂಪು ಹುಟ್ಟಿತು. ಅದರಲ್ಲಿದ್ದವರು ಮೂರೂ ಶಾಖೆಗಳ ದಾಸ್ತಾನನ್ನು ಕಣ್ತುಂಬ ನೋಡಬಹುದು, ಮುಟ್ಟುವಂತಿಲ್ಲ. ವೃಷಭ ಸ್ಕ್ರಿಪ್ಟನ್ನು ಮತ್ತೊಮ್ಮೆ ಓಡಿಸಿದ. ಹಳೆಯ ಗುಂಪನ್ನು ಉಳಿಸಿಕೊಂಡೇ ಹೊಸದಕ್ಕೆ ಸೇರಿಸೆಂದು ಹೇಳುವ '-a' ಸೂಚನೆಯನ್ನು ಹಾಕುವುದು ಮರೆತಿದ್ದ. ಪದ್ಮವ್ವನವರು ಹಿರಿಯರಾದರು, ಗೋದಾಮಿನ ಗುಂಪಿನಿಂದ ಹೊರಬಿದ್ದರು. ಉಳಿದ ಹಿರಿಯರಿಗೆ ಮೊದಲೂ ಕೆಲಸವಿರಲಿಲ್ಲವಾದ್ದರಿಂದ ಅವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಬಿತ್ತನೆಗೆ ಹದವಾದ ಮಳೆ ಬಿದ್ದಿತ್ತು, ಬಾಗಿಲಲ್ಲಿ ರೈತರ ಗದ್ದಲ. ಬೀಜದ ಚೀಟಿ ಹರಿಯಲು ಹೋದ ಪದ್ಮವ್ವನವರಿಗೆ ಪರದೆ ಅಪ್ಪಣೆಯಿಲ್ಲವೆಂದಿತು. ಅವರು ನೇರ ಸೆಕ್ರೆಟರಿಯವರ ಮುಂದೆ ಹೋಗಿ ನಿಂತರು.

"ಪದ್ಮವ್ವಾರ, ಮರ್ಯಾದಿ ಕೊಟ್ಟೇವಿ," ಎಂದರು ತವನಪ್ಪ. "ಮ್ಯಾಲ ಕೆಲಸಾನೂ ಬೇಕಂದ್ರ ಹೆಂಗ್ರಿ?"

ನಿಮಿಷದಲ್ಲಿ ಸರಿಪಡಿಸುತ್ತೇನೆಂದು ವೃಷಭ ಫೋನಿನಲ್ಲಿ ಅಂಗಲಾಚಿದ. ಆಡಳಿತ ಮಂಡಳಿ ಸಭೆಯಲ್ಲಿ ಠರಾವು ಮಾಡಿ ಕೊಟ್ಟ ಸನ್ಮಾನವನ್ನು ಮುಂದಿನ ಸಭೆಯವರೆಗೆ ಯಾರೂ ಮುಟ್ಟಕೂಡದೆಂದು ತವನಪ್ಪ ಫೋನಿಟ್ಟರು. ಬೀಜ ಕೊಡುವುದು ಲೆಕ್ಕದ ಸದಾಶಿವನ ಪಾಲಿಗೆ ಬಂತು. ಪರದೆ ಹೇಳಿದ್ದೇ ಅವನಿಗೆ ಖರೆ, ಪರದೆಯಲ್ಲಿ ಎಡಬಲವಿರಲಿಲ್ಲ. ನಾಗನೂರಿನ ಸತ್ತೆಪ್ಪನ ಗಾಡಿಗೆ ಬಲಗಡೆಯ ಸೋಯಾ ಚೀಲಗಳನ್ನು ಹೇರಲು ಹೇಳಿದ.

ಪದ್ಮವ್ವನವರು ಬಂದು ಆ ಚೀಲಗಳ ಮೇಲೆಯೇ ಕುಳಿತುಬಿಟ್ಟರು.

"ಏಳ್ರಿ ಅಕ್ಕಾರ, ಗಾಡಿ ನಿಂತೈತಿ," ಎಂದ ಸದಾಶಿವ.

"ಹಿರ್ಯಾರ್ನ ಕುಂತಲ್ಲಿಂದ ಎಬ್ಬಸೂ ಠರಾವ ಆಗೇತೇನು?"

ತವನಪ್ಪ ಓಡಿ ಬಂದರು. ಹಿರಿಯರಿಗೆ ಏಳಿರೆಂದು ಹೇಳುವುದು ಅವರ ನಾಲಿಗೆಗೆ ಬರುವ ಮಾತೇ ಅಲ್ಲ. ಕೊನೆಗೆ ಚಹಾ ತರಿಸಿದರು.

"ಪದ್ಮವ್ವಾರ ಕುಂತ ಚೀಲಾ ನನಗ ಬ್ಯಾಡ್ರಿ," ಎಂದ ಸತ್ತೆಪ್ಪ. "ಅವ್ರು ಬಟ್ಟ ಮಾಡಿ ತೋರ್ಸಿದ್ದು ಕೊಡ್ರಿ."

ಪದ್ಮವ್ವನವರು ಬೆರಳು ತೋರಿದ ಎಡಗಡೆಯ ಚೀಲಗಳನ್ನು ಅವನೊಯ್ದ. ಅಂದಿನಿಂದ ಬಾಗಿಲು ತೆರೆದಲ್ಲಿಂದ ಮುಚ್ಚುವವರೆಗೆ ಪದ್ಮವ್ವನವರು ಬಲಗಡೆಯ ಚೀಲಗಳ ಮೇಲೆ ಕುಳಿತಿರುತ್ತಾರೆ, ಊಟವೂ ಅಲ್ಲಿಯೇ.

ಮಾನ್ಯ ಆಡಳಿತ ಮಂಡಳಿಯವರೇ, ಸೆಕ್ರೆಟರಿಯವರೇ, ಮುಂದಿನ ಸಭೆಯವರೆಗೆ ಬಿತ್ತನೆ ಕಾಯುವುದಿಲ್ಲ. ವೃಷಭನನ್ನು ಇಂದೇ ಕರೆಸಿ ಆ ಸ್ಕ್ರಿಪ್ಟನ್ನು ತಿದ್ದಿಸಿರಿ, ಪದ್ಮವ್ವನವರನ್ನು ಗೋದಾಮಿನ ಗುಂಪಿಗೆ ಮರಳಿ ಸೇರಿಸಿರಿ. ಅದು ಆಗುವವರೆಗೆ ಇನ್ನಾರಿಗೂ ಸನ್ಮಾನ ಮಾಡಬೇಡಿರಿ.