ಕೆಂಪು ದಾರದ ಬುತ್ತಿ

ಭಾಗೀರಥಿಬಾಯಿಗೆ ಬಯಲಲ್ಲಿ ಮಲಗುವುದು ಹೊಸದಲ್ಲ. ಔರಾದ ತಾಲೂಕಿನ ಡಾಬಕಾಕ್ಕೆ ಸೊಸೆಯಾಗಿ ಬಂದ ವರ್ಷವೇ ಗಂಡ ಏಕನಾಥನ ಹಿಂದೆ, ಕಬ್ಬು ಕಡಿಯುವ ಟೋಳಿಯ ಜೊತೆ ಗಡಿ ದಾಟಿ ಹೋದವಳು. ಆಮೇಲೆ ಹದಿನೆಂಟು ವರ್ಷ ಅದೇ ನಡೆಯಿತು. ದೀಪಾವಳಿ ಮುಗಿದರೆ ಗಂಟು ಕಟ್ಟುವುದು, ಯುಗಾದಿಗೆ ಊರಿಗೆ ಮರಳುವುದು. ನಡುವಿನ ತಿಂಗಳುಗಳೆಲ್ಲ ಕಬ್ಬಿನ ಸೋಗೆ ಹೊದಿಸಿದ, ಬಗ್ಗಿ ಒಳಹೊಗಬೇಕಾದ ಗುಡಿಸಲಲ್ಲಿ. ನಸುಕಿಗೆ ಎದ್ದು ಮೂರು ಕಲ್ಲು ಹೂಡಿ, ಗಂಡ ಗಾಡಿಗೆ ಎತ್ತು ಕಟ್ಟುವುದರೊಳಗೆ ನಾಲ್ಕು ರೊಟ್ಟಿ ಬಡಿದು ಅರಿವೆಯಲ್ಲಿ ಸುತ್ತುವಷ್ಟು ಅವಳ ಕೈ ಚುರುಕಾಗಿತ್ತು.

ಅಲ್ಲಿ ಕಲಿತ ಒಂದು ಮಾತನ್ನು ಮಾತ್ರ ಅವಳು ಮರೆತವಳಲ್ಲ. ಒಂದು ದಿನ ಕಬ್ಬಿನ ಲಾರಿ ಕೆಟ್ಟು ನಿಂತು, ಅವಳು ಗುಡಿಸಲಿಗೆ ಬಂದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಮೂರು ವರ್ಷದ ಮಗ ಸುಶೀಲ ಹಸಿದು ಅತ್ತು ಸೋತಿರುತ್ತಾನೆಂದು ಎದೆ ಬಡಿದುಕೊಳ್ಳುತ್ತ ಓಡಿ ಬಂದರೆ, ಹುಡುಗ ಪಕ್ಕದ ಗುಡಿಸಲಿನ ಅಂಬೂಬಾಯಿಯ ತೊಡೆಯ ಮೇಲೆ ಕೂತು ರೊಟ್ಟಿ ಮೆಲ್ಲುತ್ತಿದ್ದ. ಅಂಬೂಬಾಯಿಯ ಮಗಳ ಕೈಯಲ್ಲಿ ಅದೇ ರೊಟ್ಟಿಯ ಇನ್ನೊಂದು ಅರ್ಧ. ‘ಬಾಜೂ ಒಲಿ ತಣ್ಣಗಿದ್ರ ನನ್ನ ಗಂಟಲಾಗ ತುತ್ತ ಇಳಿಯೂದಿಲ್ಲ ನೋಡು’ ಎಂದಿದ್ದಳು ಅಂಬೂಬಾಯಿ. ಟೋಳಿಯ ಹೆಂಗಸರ ರೀತಿಯೇ ಅದು. ಒಬ್ಬಳೇ ಬುತ್ತಿ ಬಿಚ್ಚಿ ಉಣ್ಣಬಾರದು.

ಆ ಸುಶೀಲಕುಮಾರ ಈಗ ಬೀದರಿನಲ್ಲಿ ಹೈಸ್ಕೂಲ್ ಮಾಸ್ತರ. ಅವನ ಹೆಂಡತಿ ವಿಶಾಖಾ ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವರ ಒಬ್ಬಳೇ ಮಗಳು ಮಹಾಮಾಯಾಗೆ ಎಂಟು ವರ್ಷ. ಹೋದ ಮಳೆಗಾಲದಲ್ಲಿ ಹುಡುಗಿ ಕಂಡ ಕಂಡಲ್ಲಿ ನೀರು ಕುಡಿಯತೊಡಗಿದಳು, ಕಡ್ಡಿಯಾದಳು, ಒಂದು ದಿನ ವಾಂತಿ ಮಾಡಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಳು. ಮೂರು ದಿನ ದವಾಖಾನೆಯಲ್ಲಿಟ್ಟುಕೊಂಡ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಮುದುಕರಿಗೆ ಬರುವ ರೋಗ ಮೊಮ್ಮಗಳಿಗೆ ಯಾಕೆ ಬಂತೆಂದು ಭಾಗೀರಥಿಬಾಯಿಗೆ ಇಂದಿಗೂ ತಿಳಿದಿಲ್ಲ. ದಿನಕ್ಕೆ ನಾಲ್ಕು ಸಲ ಸೂಜಿ. ತಿನ್ನುವುದಕ್ಕೆಲ್ಲ ಅಳತೆ. ಮನೆಯಲ್ಲಿ ಬೆಲ್ಲ ಕಣ್ಣಿಗೆ ಬೀಳುವ ಜಾಗದಲ್ಲಿರಲಿಲ್ಲ. ಭಾಗೀರಥಿಬಾಯಿ ತನ್ನ ಚಹಾಕ್ಕೆಂದು ಒಂದು ಹರಳನ್ನು ಎಲೆ ಅಡಿಕೆಯ ಸಂಚಿಯಲ್ಲಿ ಬಚ್ಚಿಟ್ಟುಕೊಂಡಿದ್ದಳು, ಅಷ್ಟೇ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದಾಗ ಹುಡುಗಿಯ ಊಟ ಅವಳ ಕೈಯಲ್ಲೇ. ಗಂಡ ತೀರಿ, ಊರು ಬಿಟ್ಟು ಬಂದ ಮೇಲೆ ಅವಳಿಗಿದ್ದ ಕೆಲಸವೂ ಅದೇ, ಮರ್ಯಾದೆಯೂ ಅದೇ.

ಡಿಸೆಂಬರಿನಲ್ಲಿ ಸುಶೀಲ ಬಂದು ಹೇಳಿದ. ‘ಯವ್ವಾ, ನಮ್ಮ ಸಾಲಿ ಮಾಸ್ತರಗೋಳೆಲ್ಲಾ ಮನಿಮಂದಿ ಕರಕೊಂಡು ಭಾಲ್ಕಿ ಕಡೆ ಕಾರಂಜಾ ನೀರಿನ ದಂಡಿಗಿ ಹೋಗ್ತೇವಿ. ಒಂದಿನ ಡೇರೆ ಹಾಕಿ ಇರೂದು. ನೀನೂ ಬಾ.’

‘ಯಾಕೋ, ಎಲ್ಲಾರ ಮನೀನೂ ಸೋರ್ಲಾಕತ್ತಾವೇನು?’

‘ಮಕ್ಕಳಿಗಿ ಮಜಾ ಇರ್ತದ ಯವ್ವಾ.’

‘ಮಜಾ,’ ಎಂದಳು ಭಾಗೀರಥಿಬಾಯಿ. ‘ನೀ ಹದಿನೈದು ದಿನದ ಕೂಸು ಇದ್ದಾಗ ನಿನ್ನ ಸೋಗಿ ಗುಡಿಸಲಾಗ ಮಲಗಿಸೀನಿ. ಮಜಾ ಇತ್ತೇನು ಕೇಳ್ಬೇಕಾಗಿತ್ತು ಆವಾಗ.’

ಆದರೆ ಹೋಗುವುದೆಂದು ಮಹಾಮಾಯಾ ಕುಣಿದಾಡಿದಳು. ಕಾಯಿಲೆ ಬಂದ ಮೇಲೆ ಹುಡುಗಿ ಮನೆಯಿಂದ ಹೊರಗೆ ಒಂದು ದಿನವೂ ಇದ್ದವಳಲ್ಲ. ವಿಶಾಖಾ ಮೂರು ದಿನ ಬೇಡವೆಂದಳು, ನಾಲ್ಕನೆಯ ದಿನ ನೋಟಬುಕ್ಕು ತೆಗೆದು ಊಟದ ಪಟ್ಟಿ ಬರೆಯಲು ಕೂತಳು. ಕೆಡಬಾರದು, ಬಹಳ ಪಾತ್ರೆ ಬೇಡಬಾರದು, ಅಳತೆ ತಪ್ಪಬಾರದು. ಶನಿವಾರ ಸಂಜೆಗೆ ಖಡಕ್ ರೊಟ್ಟಿ ಮತ್ತು ಝುಣಕಾ. ಕಡಲೆ ಹಿಟ್ಟು ಹುರಿದು ಉಪ್ಪು ಖಾರ ಜೀರಿಗೆ ಬೆರೆಸಿಟ್ಟರೆ ಅಲ್ಲಿ ಬಿಸಿ ನೀರು ಹಾಕಿ ತಿರುವಿದರಾಯಿತು. ಭಾನುವಾರ ಮುಂಜಾನೆಗೆ ಜೋಳದ ಹಿಟ್ಟಿಗೆ ಮೆಂತ್ಯ ಸೊಪ್ಪು ಕಲಸಿ ತಟ್ಟಿದ ಧಪಾಟಿ, ಜೊತೆಗೆ ಶೇಂಗಾ ಹಿಂಡಿ, ಒಲೆಯೇ ಬೇಡ. ಮಧ್ಯಾಹ್ನಕ್ಕೆ ಖಿಚಡಿ, ಅಕ್ಕಿ ಬೇಳೆ ಅರಿಶಿನ ಒಂದೇ ಚೀಲದಲ್ಲಿ. ಇವೆಲ್ಲ ಭಾಗೀರಥಿಬಾಯಿಯ ಟೋಳಿಯ ಅಡಿಗೆಗಳೇ. ಕೇಳಿ ಕೇಳಿ ಬರೆದುಕೊಂಡಳು ವಿಶಾಖಾ. ಕೊನೆಗೆ ಮಗಳ ಪಾಲನ್ನು ಬೇರೆ ತೂಗಿ ಬೇರೆ ಕಟ್ಟಿದಳು. ಅತ್ತೆಗೆ ಓದಲು ಬಾರದೆಂದು ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಸುತ್ತಿದಳು.

‘ಅತ್ತಿ, ಇಲ್ಲಿ ನೋಡ್ರಿ. ಹಳದಿ ದಾರ ಶನಿವಾರ ಸಂಜಿದು. ಕೆಂಪ ದಾರ ಐತಾರ ಮುಂಜಾನಿದು. ಹಸರ ದಾರ ಮಧ್ಯಾಹ್ನದ್ದು. ಒಂದರದು ಇನ್ನೊಂದಕ್ಕ ಕೊಡಬ್ಯಾಡ್ರಿ. ಅಕಿ ಎಷ್ಟು ತಿಂತಾಳ ಅನ್ನೂದು ನೋಡಿ ನಾ ಸೂಜಿ ಹಾಕ್ತೇನಿ.’

‘ತಿಳೀತವ್ವಾ. ನಮ್ಮ ಎತ್ತಿಗೂ ಇಷ್ಟು ಅಳದು ಹಿಂಡಿ ಹಾಕಿದ್ದಿಲ್ಲ.’

‘ಎತ್ತಿಗಿ ಸೂಜಿ ಇದ್ದಿಲ್ರಿ.’

ಶನಿವಾರ ಇಳಿಹೊತ್ತಿಗೆ ನೀರಿನ ದಂಡೆಯಲ್ಲಿ ಎಂಟು ಡೇರೆ ಎದ್ದವು. ಸುತ್ತ ಕಡಲೆ ಹೊಲ, ತೊಗರಿ ಹೊಲ. ನೀರಿನ ಮೇಲೆ ಬಿಳಿ ಹಕ್ಕಿಗಳ ಹಿಂಡು. ಪಕ್ಕದ ಡೇರೆಯಲ್ಲಿ ಪರಾಗ ಎಂಬ ಗಣಿತದ ಮಾಸ್ತರ, ಹೆಂಡತಿ ಕೇತಕಿ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಪರಾಗ ಹೊಸ ಗ್ಯಾಸ್ ಒಲೆ ತಂದಿದ್ದ. ಕಡ್ಡಿ ಪೆಟ್ಟಿಗೆ ಅರ್ಧ ಮುಗಿದರೂ ಅದು ಹೊತ್ತಲಿಲ್ಲ.

‘ದುಕಾನದಾಗ ಛಲೋ ಉರೀತಿತ್ತು,’ ಎಂದ.

‘ದುಕಾನದವನ್ನೂ ಕಟ್ಟಿಕೊಂಡು ಬರಬೇಕಿತ್ತು,’ ಎಂದಳು ಕೇತಕಿ.

ಎಲ್ಲರೂ ನಕ್ಕರು. ಕೇತಕಿಯ ಮಕ್ಕಳು ಬಿಸ್ಕೀಟು ತಿಂದು, ಅದೂ ಮುಗಿದು, ಹಸಿವಿಗೆ ಅಳತೊಡಗಿದವು. ವಿಶಾಖಾ ಸುಶೀಲ ಮಗಳನ್ನು ಕರೆದುಕೊಂಡು ನೀರಿನ ಕಡೆ ಹೋಗಿದ್ದರು. ಮೊಮ್ಮಗಳ ಹಳದಿ ದಾರದ ಊಟ ಮುಗಿದಿತ್ತು. ಭಾಗೀರಥಿಬಾಯಿ ಉಳಿದ ಖಡಕ್ ರೊಟ್ಟಿಗಳನ್ನೆಲ್ಲ ಒಯ್ದು ಕೇತಕಿಯ ತಾಟಿಗೆ ಹಾಕಿದಳು. ಸಣ್ಣದಕ್ಕೆ ಇನ್ನೂ ಹಲ್ಲು ಗಟ್ಟಿಯಿರಲಿಲ್ಲ. ರೊಟ್ಟಿ ಕಡಿಯಲಾರದೆ ಬಾಯಿಂದ ತೆಗೆದು ಮತ್ತೆ ಅತ್ತಿತು. ಮೆತ್ತಗಿದ್ದದ್ದು ಕೆಂಪು ದಾರದ ಧಪಾಟಿ ಮಾತ್ರ. ಭಾಗೀರಥಿಬಾಯಿ ಒಂದು ಗಳಿಗೆ ಅದನ್ನು ಕೈಯಲ್ಲಿ ಹಿಡಿದು ನಿಂತಳು. ಬೇಕಾದೀತೆಂದು ಕಟ್ಟಿಕೊಂಡು ಬಂದ ಹಿಟ್ಟು ಇದೆ, ಸೊಪ್ಪು ಇದೆ, ಮುಂಜಾನೆ ಬಿಸಿ ಬಿಸಿ ಎರಡು ಬಡಿದರಾಯಿತು ಎಂದುಕೊಂಡಳು. ದಾರ ಬಿಚ್ಚಿ ಸಂಚಿಗೆ ಹಾಕಿಕೊಂಡು, ಎರಡೂ ಧಪಾಟಿ ಮಕ್ಕಳ ಕೈಗಿತ್ತಳು.

ಸೊಸೆಗೆ ಹೇಳಲಿಲ್ಲ. ಹೇಳಿದರೆ ಮುಖ ಸಣ್ಣದು ಮಾಡುತ್ತಾಳೆ, ಸುಮ್ಮನೆ ಯಾಕೆ ಎಂದುಕೊಂಡಳು.

ಮುಂಜಾನೆ ಎಂಟಕ್ಕೆ ಎಲ್ಲರೂ ಹಕ್ಕಿ ನೋಡಲು ದಂಡೆ ಹಿಡಿದು ಹೊರಟರು. ಮಹಾಮಾಯಾಳ ಹಿಮ್ಮಡಿಗೆ ಬೂಟು ಕಚ್ಚಿ ಗುಳ್ಳೆ ಎದ್ದಿತ್ತು. ಅವಳು ಅಜ್ಜಿಯ ಹತ್ತಿರ ಉಳಿದಳು. ವಿಶಾಖಾ ತಾನೂ ಹೋಗುವುದಿಲ್ಲವೆಂದಳು. ‘ಒಂದ ತಾಸ್ ನಡಿ, ಯವ್ವ ಅದಾಳಲ್ಲ’ ಎಂದು ಸುಶೀಲ ಎಬ್ಬಿಸಿದ. ಮಗಳಿಗೆ ಸೂಜಿ ಹಾಕಿ, ಹೆಗಲಿಗೆ ಚೀಲ ಹಾಕಿಕೊಂಡು ವಿಶಾಖಾ ತಿರುಗಿ ನೋಡಿದಳು.

‘ಅತ್ತಿ, ಪಾವ್ ತಾಸಿನಾಗ ಕೆಂಪ ದಾರದ್ದು ತಿನಿಸ್ರಿ. ತಡಾ ಆಗಬಾರದು.’

‘ಹೂಂ,’ ಎಂದಳು ಭಾಗೀರಥಿಬಾಯಿ.

ಆಗಲಾದರೂ ಹೇಳಬಹುದಿತ್ತು. ಆದರೆ ಕಾಲು ಗಂಟೆಯಲ್ಲಿ ಅವಳು ಎಷ್ಟು ಜನಕ್ಕೆ ರೊಟ್ಟಿ ಬಡಿದಿಲ್ಲ? ಮೂರು ಕಲ್ಲು ಹೂಡಿ ಕಟ್ಟಿಗೆ ಇಟ್ಟು ಕಡ್ಡಿ ಗೀರಿದಳು. ಹೊತ್ತಲಿಲ್ಲ. ನೀರಿನ ದಂಡೆಯ ಮಂಜು ಕಟ್ಟಿಗೆಯೊಳಗೆಲ್ಲ ಇಳಿದಿತ್ತು. ಟೋಳಿಯಲ್ಲಿ ಕಟ್ಟಿಗೆಯನ್ನು ಸಂಜೆಯೇ ಒಳಗೆ ಎಳೆದುಕೊಂಡು ತಲೆದೆಸೆಗೆ ಇಟ್ಟು ಮಲಗುತ್ತಿದ್ದರು. ನಿನ್ನೆ ಅದು ಹೇಗೋ ನೆನಪಾಗಲಿಲ್ಲ. ಬಗ್ಗಿ ಊದಿದಳು. ಹೊಗೆ ಎದ್ದಿತು, ಕಣ್ಣು ಉರಿಯಿತು, ಬೆಂಕಿ ಬರಲಿಲ್ಲ. ಪಕ್ಕದ ಡೇರೆಗಳಲ್ಲಿ ಯಾರೂ ಇರಲಿಲ್ಲ. ಹಸಿರು ದಾರದ ಚೀಲ ಇತ್ತು; ಅದರಲ್ಲಿ ಇದ್ದದ್ದು ಹಸಿ ಅಕ್ಕಿ, ಬೇಳೆ. ಮತ್ತೆ ಊದಿದಳು. ಹಂಚು ಕಾಯ್ದು ಮೊದಲ ಧಪಾಟಿ ಬಿದ್ದಾಗ ಹುಡುಗಿಯ ಮಾತು ನಿಂತದ್ದು ಅವಳ ಗಮನಕ್ಕೆ ಬಂತು.

‘ಮಾಯಾ?’

‘ಆಯಿ, ನನಗ ಹ್ಯಾಂಗೋ ಆಗ್ಲಾಕತ್ತದ.’

ಹಣೆಯ ಮೇಲೆ ಬೆವರು. ಅಂಥ ಚಳಿಯಲ್ಲಿ ಬೆವರು. ಕೈ ಹಿಡಿದರೆ ಬೆರಳು ಅದುರುತ್ತಿದ್ದವು. ವಿಶಾಖಾ ಎಷ್ಟು ಸಲ ಹೇಳಿದ್ದಳು: ಬೆವತರೆ, ಕೈ ನಡುಗಿದರೆ, ನೀಲಿ ಡಬ್ಬಿಯ ಪುಡಿ ನೀರಲ್ಲಿ ಕಲಸಿ ಕುಡಿಸಬೇಕು. ನೀಲಿ ಡಬ್ಬಿ ಚೀಲದಲ್ಲಿ. ಚೀಲ ವಿಶಾಖಾಳ ಹೆಗಲಲ್ಲಿ. ಕಾಯಿಲೆ ಗೊತ್ತಾದಂದಿನಿಂದ ಆ ಚೀಲ ಅವಳ ಹೆಗಲು ಬಿಟ್ಟು ಇಳಿದದ್ದಿಲ್ಲ. ಹೊರಡುವಾಗ ಅವಳ ಕೈ ತಾನಾಗಿ ಅದನ್ನು ಎತ್ತಿಕೊಂಡಿತ್ತು.

ಈ ನಡುಕವನ್ನು ಭಾಗೀರಥಿಬಾಯಿ ಬಲ್ಲಳು. ಕಬ್ಬಿನ ಹೊಲದಲ್ಲಿ ಮಧ್ಯಾಹ್ನ ಹೆಂಗಸರ ಕೈ ಹೀಗೇ ಅದುರುತ್ತಿದ್ದವು, ಕಬ್ಬು ಕಡಿಯುವ ಕೊಯ್ತಾ ಜಾರಿ ಬೀಳುತ್ತಿತ್ತು. ಅಂಬೂಬಾಯಿ ಬಾಯಿಗೆ ಬೆಲ್ಲ ಇಡುತ್ತಿದ್ದಳು. ಸಂಚಿಗೆ ಕೈ ಹಾಕಿದಳು. ಹರಳು ಕೈಗೆ ಸಿಕ್ಕಿತು, ಅದಕ್ಕೆ ಕೆಂಪು ದಾರ ಸುತ್ತಿಕೊಂಡಿತ್ತು. ಮನೆಯಲ್ಲಿ ವಿಷವೆಂದು ಅಡಗಿಸಿಟ್ಟದ್ದು ಇದೇ. ಕೊಟ್ಟು ಕೂಸಿಗೆ ಏನಾದರೂ ಆದರೆ? ಹುಡುಗಿಯ ತಲೆ ಅವಳ ತೋಳಿಗೆ ವಾಲಿತು. ಆಮೇಲೆ ಅವಳು ಯೋಚಿಸಲಿಲ್ಲ. ಕಲ್ಲಿನಿಂದ ಬೆಲ್ಲ ಜಜ್ಜಿ, ನೀರಲ್ಲಿ ಕಲಸಿ, ತುಟಿಗೆ ಹಿಡಿದಳು. ‘ಗುಟುಕರಿಸು ನನ್ನವ್ವಾ. ಇನ್ನೊಂದ ಗುಟುಕ. ಇನ್ನೊಂದು.’

ಎಷ್ಟು ಹೊತ್ತೋ. ಹುಡುಗಿ ಕಣ್ಣು ಬಿಟ್ಟು ‘ಧಪಾಟಿ ಸುಟ್ಟ ವಾಸನಿ ಬರ್ಲಾಕತ್ತದ’ ಎಂದಳು. ಭಾಗೀರಥಿಬಾಯಿಗೆ ಆಗ ಅಳು ಬಂತು. ಸುಟ್ಟದ್ದನ್ನು ತೆಗೆದು, ಮತ್ತೆರಡು ಬಡಿದು, ಮುರಿದು ಮುರಿದು ಬಾಯಿಗಿಟ್ಟಳು. ಕೊನೆಯ ತುತ್ತು ಇಡುವಾಗ ವಿಶಾಖಾ ಬಂದು ನಿಂತಳು. ಮಗಳ ಬಿಳಿಚಿದ ಮುಖ ನೋಡಿದವಳೇ ಚೀಲ ಇಳಿಸಿ ಬೆರಳು ಚುಚ್ಚಿ ಮೀಟರಿಗೆ ಹಿಡಿದಳು.

‘ಎಪ್ಪತ್ತು. ಸಕ್ಕರಿ ಇಳದದ. ಏನಾಗಿತ್ತುರಿ ಅತ್ತಿ?’

‘ಬೆವತಳು. ಕೈ ನಡುಗಿದ್ವು. ನನ್ನ ಹಂತ್ಯಾಕ ಬೆಲ್ಲ ಇತ್ತು, ಕುಡಿಸೀನಿ.’

‘ಛಲೋ ಮಾಡಿದ್ರಿ. ಬಹಳ ಛಲೋ ಮಾಡಿದ್ರಿ.’ ವಿಶಾಖಾ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಟಬುಕ್ಕು ತೆರೆದಳು. ‘ಡಬ್ಬ್ಯಾಗಿನ ಪುಡೀನೂ ಸಕ್ಕರಿನೇ, ಅದನ್ನ ನಾನೇ ಒಯ್ದೆ. ಅದೂ ಅಲ್ಲದ, ಎರಡೂ ಧಪಾಟಿ ತಿಂದೂ ಇಷ್ಟ ಇಳದದ ಅಂದ್ರ ಸೂಜಿ ಹೆಚ್ಚಾಗ್ಯದ. ನಾನೇ ಹೆಚ್ಚು ಹಾಕೇನಿ. ನಾಳಿಂದ ಮುಂಜಾನಿದು ಕಮ್ಮಿ ಮಾಡ್ತೇನಿ.’

‘ಯವ್ವ ಇದ್ದಿದ್ದಕ್ಕ ಪಾರಾದ್ವಿ,’ ಎಂದ ಸುಶೀಲ, ತಾಯಿಯ ಬೆನ್ನು ಸವರುತ್ತ.

ಭಾಗೀರಥಿಬಾಯಿ ಹಂಚು ಇಳಿಸಿದಳು. ಇಷ್ಟಕ್ಕೇ ಬಿಟ್ಟರೆ ಮುಗಿಯಿತು. ಯಾರೂ ಕೇಳುವುದಿಲ್ಲ. ಆದರೆ ವಿಶಾಖಾಳ ಪೆನ್ನು ನೋಟಬುಕ್ಕಿನ ಮೇಲೆ ಓಡುತ್ತಿತ್ತು. ಔಷಧ ಕಮ್ಮಿಯಾದರೆ ಏನಾಗುತ್ತದೆಂದು ಭಾಗೀರಥಿಬಾಯಿ ಕಂಡಿದ್ದಳು. ಆ ನೀರಡಿಕೆ. ಆ ವಾಂತಿ. ದವಾಖಾನೆಯ ಮಂಚದ ಮೇಲೆ ಆ ಕಡ್ಡಿಯಂಥ ಕಾಲು.

‘ಬರೀಬ್ಯಾಡ,’ ಎಂದಳು. ‘ಸೂಜಿ ಕಮ್ಮಿ ಮಾಡಬ್ಯಾಡ ವಿಶಾಖಾ. ನಿಂದು ಬರೋಬ್ಬರಿ ಇತ್ತು.’

ಸಂಚಿಯಿಂದ ಕೆಂಪು ದಾರ ತೆಗೆದು ನೆಲದ ಮೇಲಿಟ್ಟಳು. ‘ಅಕಿ ಬುತ್ತಿ ನಿನ್ನಿ ಸಂಜಿಗೇ ಬಾಜೂ ಡೇರೆ ಮಕ್ಕಳಿಗಿ ಕೊಟ್ಟಿದ್ದೆ. ಈಗ ತಿಂದಿದ್ದು ಬ್ಯಾರೆ. ಕಟ್ಟಿಗಿ ಹಸಿ ಇತ್ತು, ಒಲಿ ಹತ್ತಲಿಲ್ಲ. ತಡಾ ಆತು.’

ವಿಶಾಖಾ ದಾರ ಎತ್ತಿಕೊಂಡಳು.

‘ಮುಂಜಾನಿ ನಾ ಹೇಳಿದಾಗ ಹೂಂ ಅಂದ್ರಲ್ರಿ.’

‘ಅಂದೆ.’

‘ಎಷ್ಟೊತ್ತಿಗಿ ತಿನಿಸಿದ್ರಿ?’

‘ನನಗ ಗಡಿಯಾರ ತಿಳಿಯೂದಿಲ್ಲ. ಬಿಸಲು ಆ ಜಾಲಿ ಗಿಡದ ಬುಡಕ್ಕ ಬಂದಿತ್ತು.’

ವಿಶಾಖಾ ಎದ್ದು ಹೋಗಿ ಜಾಲಿ ಗಿಡದ ನೆರಳು ನೋಡಿ, ಕೈಗಡಿಯಾರ ನೋಡಿ, ಬಂದು ಬರೆದ ಸಾಲನ್ನು ಹೊಡೆದು ಹಾಕಿದಳು.

‘ಹೋಗ್ಲಿ ಬಿಡು,’ ಎಂದ ಸುಶೀಲ.

‘ಹೋಗ್ಲಿ ಅನ್ನೂದಲ್ಲ ಇದು.’

ಮಧ್ಯಾಹ್ನ ವಿಶಾಖಾ ಖಿಚಡಿಗೆ ತಾನೇ ಒಲೆ ಹಚ್ಚಿದಳು. ಭಾಗೀರಥಿಬಾಯಿ ಡೇರೆಯ ಹಿಂದೆ ನೀರಿನ ಕಡೆ ಮುಖ ಮಾಡಿ ಕೂತಿದ್ದಳು. ಇನ್ನು ಮೊಮ್ಮಗಳ ಊಟಕ್ಕೆ ಯಾರನ್ನಾದರೂ ಇಟ್ಟುಕೊಳ್ಳುತ್ತಾರೆ. ತನ್ನನ್ನು ಡಾಬಕಾಕ್ಕೆ ಬಿಟ್ಟು ಬರುತ್ತಾರೆ. ಅಲ್ಲಿ ಅವಳಿಗೆ ಯಾರಿಗೆ ರೊಟ್ಟಿ ಬಡಿಯುವುದಿದೆ?

‘ಅತ್ತಿ, ಇಲ್ಲಿ ಬರ್ರಿ.’

ವಿಶಾಖಾ ಖಿಚಡಿ ತೂಗಿ ತಾಟಿಗೆ ಹಾಕಿ ಮುಚ್ಚಿಟ್ಟಿದ್ದಳು. ಮುಖ ಎತ್ತಲಿಲ್ಲ. ‘ಇನ್ನ ಮ್ಯಾಲ ಮೊದಲ ತಾಟ ಮುಂದ ಬರ್ಬೇಕು, ಆಮ್ಯಾಲ ಸೂಜಿ. ತಾಟ ತಂದು ಅಕಿ ಮುಂದ ಇಡ್ರಿ. ಕಣ್ಣಿಲೇ ನೋಡೇ ಹಾಕ್ತೇನಿ.’

‘ನಾ ಇಡ್ಲಾ?’

‘ಸೋಮವಾರ ನಾನು ಡ್ಯೂಟಿಗಿ ಹೋಗೇ ಹೋಗ್ತೇನಿ, ಮಧ್ಯಾಹ್ನ ಸೂಜಿ ಹಾಕ್ಲಾಕಷ್ಟೇ ಬಂದು ಹೋಗ್ತೇನಿ. ಅವಾಗ ಯಾರು ಇಡ್ತಾರ್ರಿ ಮತ್ತ? ನನ್ನ ಸಿಟ್ಟು ಇನ್ನೂ ಹೋಗಿಲ್ಲ, ಅದು ಬ್ಯಾರೆ.’

ಭಾಗೀರಥಿಬಾಯಿ ಎರಡೂ ಕೈಯಲ್ಲಿ ತಾಟು ಎತ್ತಿದಳು. ಮೊಮ್ಮಗಳ ಮುಂದೆ ಇಟ್ಟು, ಮುಚ್ಚಳ ತೆಗೆದು ತೋರಿಸಿದಳು. ವಿಶಾಖಾ ನೋಡಿ, ಸೂಜಿ ಹಾಕಿದಳು. ಹುಡುಗಿ ಉಣ್ಣತೊಡಗಿದ ಮೇಲೆ ಉಳಿದವರಿಗೂ ಬಡಿಸಿದಳು.

ಪಕ್ಕದ ಡೇರೆಯಲ್ಲಿ ಪರಾಗ ಮತ್ತೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಸಣ್ಣದು ಬೆರಳು ಚೀಪುತ್ತ ಈ ಕಡೆಯೇ ನೋಡುತ್ತಿತ್ತು. ಭಾಗೀರಥಿಬಾಯಿ ತುತ್ತು ಕಲಸಿದಳು, ಎತ್ತಲಿಲ್ಲ. ಕೈ ತಾಟಿನಲ್ಲೇ ನಿಂತಿತ್ತು.

‘ನಿಮ್ಮದು ಕೊಡ್ರಿ,’ ಎಂದಳು ವಿಶಾಖಾ, ಮಗಳ ತಾಟಿನಿಂದ ಕಣ್ಣು ತೆಗೆಯದೆ. ‘ಅಕಿದು ಮುಟ್ಟಬ್ಯಾಡ್ರಿ.’