ಒಂದೇ ವಿಳಾಸಕ್ಕೆ ಬಂದ ಎರಡು ಆರ್ಡರ್

ಕಳೆದ ವರ್ಷ ನಾನು ಆರೋಗ್ಯ ಸಾಮಗ್ರಿ ಮಾರುವ ಒಂದು ಆನ್‌ಲೈನ್ ಅಂಗಡಿಗೆ ಟೆಕ್ನಿಕಲ್ ರೈಟರ್ ಆಗಿ ಸೇರಿದೆ. ಕಚೇರಿ ಪುಣೆಯಲ್ಲಿ, ನನ್ನ ಮೇಜು ಇಂಡಿ ಪಟ್ಟಣದ ನಮ್ಮ ಮನೆಯಲ್ಲಿ. ಪಾರ್ಸಲ್ ಕಳುಹಿಸುವ ಕೆಲಸವನ್ನು ಅಂಗಡಿಯವರು ಎಐ ಏಜೆಂಟ್‌ಗೆ ಒಪ್ಪಿಸಿದ್ದರು. ಏಜೆಂಟ್ ಎಂದರೆ ತಾನೇ ನಿರ್ಧಾರ ಮಾಡಿ ಕೆಲಸ ನಡೆಸುವ ಸಾಫ್ಟ್‌ವೇರ್. ಅದಕ್ಕೆ ಕೆಲವು ಟೂಲ್‌ಗಳನ್ನು ಕೊಟ್ಟಿರುತ್ತಾರೆ: ಕೊರಿಯರ್ ಗೊತ್ತುಮಾಡಲು ಒಂದು, ಪಾರ್ಸಲ್ ತಡೆಯಲು ಇನ್ನೊಂದು. ಯಾವುದನ್ನು ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂದು ಬರೆದಿಡುವುದು ನನ್ನ ಕೆಲಸ. ಬರೆದದ್ದನ್ನು ಏಜೆಂಟ್ ಓದಿ ಹಾಗೆಯೇ ನಡೆಯುತ್ತದೆ. ಇಷ್ಟು ವಿಧೇಯ ಓದುಗ ಯಾವ ಲೇಖಕಿಗೂ ಸಿಕ್ಕಿರಲಾರ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಸೇರಿದ ಹೊಸದರಲ್ಲೇ ಗೊಳಸಂಗಿ ಕಡೆಯ ಒಂದು ಹಳ್ಳಿಯಿಂದ ದೂರು ಬಂತು. ಆ ಭಾಗದವಳೆಂದು ಅದನ್ನು ನನ್ನ ತಲೆಗೆ ಕಟ್ಟಿದರು. ದೂರು ಕೊಟ್ಟವರನ್ನು ಶಾಂತಾಬಾಯಿ ಎನ್ನೋಣ. ನಿಜವಾದ ಹೆಸರು ಹೇಳುವ ಹಕ್ಕು ನನಗಿಲ್ಲ. ಸೊಲ್ಲಾಪುರದಲ್ಲಿ ಕ್ಯಾನ್ಸರ್ ಆಪರೇಷನ್ ಆಗಿ ಅವರ ಒಂದು ಸ್ತನ ತೆಗೆದಿದ್ದರು. ಊರಿನವರಿಗೆ ಪಿತ್ತಕೋಶದ ಕಲ್ಲು ಎಂದು ಹೇಳಿದ್ದರು. ಮಗಳಿಗೆ ಸಿಂದಗಿಯ ಸಂಬಂಧ ಮಾತಾಗುತ್ತಿತ್ತು. ರೋಗದ ಸುದ್ದಿ ಹೊರಬಿದ್ದರೆ ಗಂಡಿನವರು ಹಿಂದೆ ಸರಿಯುತ್ತಾರೆ ಎಂಬ ಭಯ. ಅದಕ್ಕೇ ಒಳಉಡುಪಿನೊಳಗೆ ಇಟ್ಟುಕೊಳ್ಳುವ ಸಿಲಿಕೋನ್ ಕೃತಕ ಸ್ತನವನ್ನು ನಮ್ಮಲ್ಲಿ ತರಿಸಿದ್ದರು. ಮೇಲೆ ಏನೂ ಬರೆಯದ ಸಾದಾ ಡಬ್ಬಿ ಬೇಕೆಂದೂ ಕೇಳಿದ್ದರು.

ಆ ಹಳ್ಳಿಯೊಳಗೆ ಕೊರಿಯರ್‌ನವರು ಹೋಗುವುದಿಲ್ಲ. ಕ್ರಾಸಿನಲ್ಲಿರುವ ಕಿರಾಣಿ ಅಂಗಡಿಯಲ್ಲಿ ಇಳಿಸಿ ಹೋಗುತ್ತಾರೆ. ಹಾಗಾಗಿ ಊರಿಗೆ ಊರೇ ಆ ಅಂಗಡಿಯ ವಿಳಾಸ, ಅಂಗಡಿಯ ಫೋನ್ ನಂಬರ್ ಕೊಡುತ್ತದೆ. ಡಬ್ಬಿಯ ಮೇಲಿನ ಹೆಸರು ನೋಡಿ ಅವರವರದನ್ನು ಅವರವರು ಒಯ್ಯುತ್ತಾರೆ. ಅದೇ ಹೊತ್ತಿಗೆ ಆ ಕಿರಾಣಿ ಅಂಗಡಿಯ ಮಾಲೀಕ ಮೆಹಬೂಬ ಸಾಹೇಬರೂ ನಮ್ಮಲ್ಲೇ ತಾಯಿಯ ಮೊಣಕಾಲಿಗೆ ಪಟ್ಟಿ ತರಿಸಿದ್ದರು.

ಪಾರ್ಸಲ್ ಕೂಡಿಸುವ ಟೂಲ್‌ನ ವಿವರಣೆ ತೆಗೆದು ನೋಡಿದೆ. ನಾನು ಸೇರುವ ಮೊದಲೇ ಬರೆದಿದ್ದ ಸಾಲು ಅಲ್ಲಿತ್ತು: ವಿಳಾಸವೂ ಫೋನ್ ನಂಬರೂ ಒಂದೇ ಆಗಿದ್ದರೆ ಒಂದೇ ಮನೆಯವರೆಂದು ತಿಳಿದು ಒಟ್ಟಿಗೆ ಕಳುಹಿಸಬೇಕು. ಏಜೆಂಟ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಕಳುಹಿಸಿತ್ತು. ಮೊದಲ ಆರ್ಡರ್ ಸಾಹೇಬರದು, ಆದ್ದರಿಂದ ಡಬ್ಬಿಯ ಮೇಲೆ ಅವರ ಹೆಸರು. ತಮ್ಮದೇ ಎಂದು ಅವರು ಅದನ್ನು ಗಿರಾಕಿಗಳ ಎದುರಿಗೇ ಬಿಚ್ಚಿದರು. ಒಳಗಿದ್ದ ಇನ್ನೊಂದು ಪೊಟ್ಟಣದ ಮೇಲೆ ಶಾಂತಾಬಾಯಿಯ ಹೆಸರಿತ್ತು, ಸಾಮಾನಿನ ಚಿತ್ರವೂ ಇತ್ತು.

ಪುಣೆಯ ಮೀಟಿಂಗಿನಲ್ಲಿ ಇದನ್ನು "ಎಡ್ಜ್ ಕೇಸ್" ಎಂದರು, ಅಂದರೆ ಅಪರೂಪಕ್ಕೊಮ್ಮೆ ಆಗುವಂಥದ್ದು. ನನಗೆ ಮೈ ಉರಿದುಹೋಯಿತು. ಬಾಗೇವಾಡಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿ ಹೀಗೆ ಪಾರ್ಸಲ್ ತರಿಸುವವರೇ ಹೆಚ್ಚು ಎಂದು ದನಿ ಏರಿಸಿಯೇ ಹೇಳಿದೆ. ಆಮೇಲೆ ವಿವರಣೆ ಬದಲಾಯಿತು. ಹೆಸರು ಬೇರೆ ಇದ್ದರೆ ಕೂಡಿಸಬಾರದು. ಸಾದಾ ಡಬ್ಬಿ ಕೇಳಿದವರ ಸಾಮಾನನ್ನು ಯಾವ ಕಾರಣಕ್ಕೂ ಇನ್ನೊಂದರ ಜೊತೆ ಇಡಬಾರದು. ಪರೀಕ್ಷೆಯಲ್ಲಿ ಏಜೆಂಟ್ ಒಮ್ಮೆಯೂ ತಪ್ಪಲಿಲ್ಲ.

ಶಾಂತಾಬಾಯಿಗೆಂದು ಹೊಸದೊಂದನ್ನು ಸಾದಾ ಡಬ್ಬಿಯಲ್ಲಿ ಹಾಕಿಸಿಕೊಂಡು ನಾನೇ ಹೋದೆ. ಕ್ರಾಸಿನಲ್ಲಿ ಮೆಹಬೂಬ ಸಾಹೇಬರು ಸಿಕ್ಕರು.

"ಡಬ್ಬಿ ಮ್ಯಾಲೆ ನನ್ನ ಹೆಸರ ಇತ್ರಿ ಅಕ್ಕಾರ, ಅದಕ್ಕ ತಗದೆ. ಆವತ್ತಿನಿಂದ ಆ ತಾಯಿ ಈ ಕಡಿ ಬಂದಿಲ್ರಿ. ನಾ ಯಾವ ಮಾರಿ ಹೊತ್ಕೊಂಡ್ ಅವರ ಮನಿಗೆ ಹೋಗ್ಲಿ?" ಎಂದರು. ಮನೆ ಯಾವುದೆಂದು ಕೇಳಿಕೊಂಡು ಒಬ್ಬಳೇ ನಡೆದೆ.

ಶಾಂತಾಬಾಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. "ತಪ್ಪ ಕಂಪನಿದ ಐತ್ರಿ. ಬದಲಿ ತಂದೇನಿ," ಎಂದು ಡಬ್ಬಿಯನ್ನು ಮುಂದಿಟ್ಟೆ. ಕೈ ನಿಲ್ಲಿಸದೆ ಅದನ್ನೊಮ್ಮೆ ನೋಡಿದರು.

"ಯಾರಿಗೂ ಗೊತ್ತಾಗಬಾರ್ದಂತ ತರಿಸಿದ್ನಿ ಅಕ್ಕಾರ. ಈಗ ಸಣ್ಣ ಹುಡುಗ್ರಿಗೂ ಗೊತ್ತೈತಿ. ಸಿಂದಗಿಯವ್ರು ಫೋನ್ ಎತ್ತವಲ್ರು. ಇನ್ನ ಇದನ್ನ ಯಾರ ಸಲುವಾಗಿ ಹಾಕ್ಕೊಳ್ಲಿ?"

ಒಳಗಿನಿಂದ ಮಗಳು ಚಹಾ ತಂದು ಕೊಟ್ಟಳು, ಮುಖ ಎತ್ತಲಿಲ್ಲ.

ಈಗ ಯಾವ ಟೂಲ್‌ನ ವಿವರಣೆ ಬರೆಯಲು ಕೂತರೂ, ಇದು ತಪ್ಪಿದರೆ ಯಾರ ಮನೆಯಲ್ಲಿ ಏನಾಗುತ್ತದೆ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ. ಕಲಿತದ್ದು ನಾನು, ಅದಕ್ಕೆ ಬೆಲೆ ತೆತ್ತವಳು ಆ ಹುಡುಗಿ. ಸಿಂದಗಿಯವರು ಕೊನೆಗೂ ಫೋನ್ ಎತ್ತಲಿಲ್ಲ.